ಶನಿವಾರದ ಡಲ್ಲಾಸ್ ಪಂದ್ಯಕ್ಕೆ ಹೊರಡುವವರಿಗೆ

ಎಲ್ಲರಿಗೂ ನಮಸ್ಕಾರ. ಕಾಟನ್ ಬೌಲ್ ಮೈದಾನದಲ್ಲಿ ಟೆಕ್ಸಸ್–ಓಕ್ಲಹೋಮ ಕಾಲೇಜು ಅಮೆರಿಕನ್ ಫುಟ್‌ಬಾಲ್ ನೋಡಲು ಬರುವವರು ಸ್ಕೋರ್ ಫಲಕವನ್ನಷ್ಟೇ ನೋಡಬೇಡಿ, ಬೆಂಚಿನ ಮೇಲೂ ಕಣ್ಣಿಡಿ. ಅಕ್ಟೋಬರ್ ಬಂದರೂ ಡಲ್ಲಾಸ್‌ನಲ್ಲಿ ತಾಪ 30 ಡಿಗ್ರಿ ದಾಟುವುದುಂಟು, ಮೈದಾನಕ್ಕೆ ಚಾವಣಿಯಿಲ್ಲ.

ಮೊದಲು ಬಳಲುವವರು ಮುಂಚೂಣಿಯ ರಕ್ಷಕರು. 130 ಕಿಲೋ ದಾಟಿದ ಆ ದೇಹಗಳು ಹೆಲ್ಮೆಟ್, ಭುಜಕವಚಗಳೊಳಗೆ ಬೇಯುತ್ತಿರುತ್ತವೆ. ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು, ನಿಜ. ಆದರೆ ಎದುರಾಳಿ ತನ್ನವರನ್ನು ಬದಲಿಸದೆ ಸರಸರನೆ ಆಡತೊಡಗಿದರೆ ರಕ್ಷಣಾ ಪಡೆಗೆ ಹಾಗೆ ಬದಲಿಸುವ ಬಿಡುವೇ ಸಿಗುವುದಿಲ್ಲ. ಮೂರನೇ ಕ್ವಾರ್ಟರ್‌ನಲ್ಲಿ (ಪಂದ್ಯದ ನಾಲ್ಕು ಭಾಗಗಳಲ್ಲಿ ಮೂರನೆಯದರಲ್ಲಿ) ಮೊಣಕಾಲಿಗೆ ಕೈಯೂರಿ ಬಾಗಿ ನಿಂತವರನ್ನು ಎಣಿಸಿ. ಪಂದ್ಯ ಯಾರತ್ತ ವಾಲುತ್ತಿದೆ ಎಂಬುದರ ಸುಳಿವು ಅಲ್ಲಿಯೇ ಸಿಗುತ್ತದೆ.

2021ರಲ್ಲಿ ಮೊದಲ ಕ್ವಾರ್ಟರ್ ಮುಗಿದಾಗ ಟೆಕ್ಸಸ್ 28–7ರಿಂದ ಮುಂದಿತ್ತು. ಬೆಂಚಿನಿಂದ ಎದ್ದು ಬಂದ ಓಕ್ಲಹೋಮದ ಮೊದಲ ವರ್ಷದ ಹುಡುಗ ಕೇಲೆಬ್ ವಿಲಿಯಮ್ಸ್ ಆಟದ ದಿಕ್ಕನ್ನೇ ಬದಲಿಸಿದರು. ಓಕ್ಲಹೋಮ 55–48ರಿಂದ ಗೆದ್ದಿತು. ಎರಡನೇ ಸಾಲಿನ, ಅಂದರೆ ಬೆಂಚಿನಲ್ಲಿ ಕಾಯುವವರ, ಬಲ ಎಂದಾಗಲೆಲ್ಲ ನನಗೆ ನೆನಪಾಗುವುದು ಆ ಪಂದ್ಯವೇ.

ಮಕ್ಕಳಿಗೆ ಟೋಪಿ ತರಲು ಮರೆಯಬೇಡಿ. ಬಾಯಾರಿಕೆ ಎನ್ನುವ ಮೊದಲೇ ನೀರು ಕುಡಿಸುತ್ತಿರಿ.