ಮನೆ ತಡ ಅಷ್ಟೇ ಅಪ್ಪ, ದುಡ್ಡು ಎಲ್ಲೂ ಹೋಗಿಲ್ಲ

ನಾಟಿಂಗ್‌ಹ್ಯಾಮ್
ಫೆಬ್ರವರಿ, ಭಾನುವಾರ

ತೀರ್ಥರೂಪು ಅಪ್ಪನವರಿಗೆ, ಅಮ್ಮನಿಗೆ ನಮಸ್ಕಾರಗಳು.

ನಾವೆಲ್ಲ ಚೆನ್ನಾಗಿದ್ದೇವೆ. ಪುಟ್ಟನ ಕೆಮ್ಮು ಇಳಿದಿದೆ, ಸ್ಕೂಲಿಗೆ ಹೋಗುತ್ತಿದ್ದಾನೆ. ಇವರಿಗೆ ಕೆಲಸ ಜಾಸ್ತಿ, ಆದರೆ ಆರೋಗ್ಯವಾಗಿದ್ದಾರೆ. ಅಣ್ಣ, ಅತ್ತಿಗೆ, ಮಕ್ಕಳನ್ನು ಕೇಳಿದೆ ಅಂತ ಹೇಳಿ.

ಅಪ್ಪ, ನಿಮ್ಮ ಪತ್ರ ಬಂತು. ನಾವು ಇಲ್ಲಿ ಕೊಳ್ಳುತ್ತಿರುವ ಮನೆ ಬೇಗ ಸಿಗಲಿ ಅಂತ ಕೆರೆ ಪಕ್ಕದ ಮುಕ್ಕಾಲು ಎಕರೆ ಹೊಲಕ್ಕೆ ಗಿರಾಕಿ ನೋಡಿದ್ದೀರಿ, ಇನ್ನೇನು ಮುಂಗಡ ತಗೊಳ್ಳುತ್ತೀರಿ ಅನ್ನುವ ಸಾಲು ಓದಿ ನನಗೆ ಕೈಕಾಲೇ ಆಡಲಿಲ್ಲ. ಫೋನಿನಲ್ಲಿ ಬೇಡ ಅಂದೆ, ನೀವು “ಬರೆದು ಕಳಿಸು, ನಿಧಾನಕ್ಕೆ ಓದಿ ತೀರ್ಮಾನ ಮಾಡ್ತೀನಿ” ಅಂದಿರಿ. ಅದಕ್ಕೇ ಬರೆಯುತ್ತಿದ್ದೇನೆ. ಮೊದಲು ಇಷ್ಟು ಮನಸ್ಸಿನಲ್ಲಿಟ್ಟುಕೊಳ್ಳಿ. ನಮಗೆ ಯಾರೂ ಮೋಸ ಮಾಡಿಲ್ಲ. ಮನೆಯ ದುಡ್ಡಿನಲ್ಲಿ ಒಂದು ಪೈಸೆಯೂ ನಮ್ಮ ಖಾತೆ ಬಿಟ್ಟು ಕದಲಿಲ್ಲ. ಹೊಲ ಮಾರಿದರೂ ಈ ಮನೆ ಒಂದು ದಿನ ಮುಂಚೆ ಬರುವುದಿಲ್ಲ. ದಯವಿಟ್ಟು ಮುಂಗಡ ಮುಟ್ಟಬೇಡಿ.

ನಮಗೆ ಮೋಸ ಆಗಿದೆ ಅಂತ ಭಾವ ಹೇಳಿದ್ದರಲ್ಲಿ ಅವರ ತಪ್ಪಿಲ್ಲ. ಮನೆ ಮುಂದೆ “ಸೋಲ್ಡ್” ಅಂತ ಬೋರ್ಡ್ ಇರುವ ಫೋಟೋ ನೋಡಿ, ದುಡ್ಡು ಕೊಟ್ಟಾಯಿತು, ಕೀ ಮಾತ್ರ ಕೊಡುತ್ತಿಲ್ಲ ಅಂದುಕೊಂಡಿದ್ದಾರೆ. ಇಂಗ್ಲೆಂಡಿನಲ್ಲಿ ಆ ಬೋರ್ಡಿಗೆ ಕಾನೂನಿನ ಬಲವೇ ಇಲ್ಲ. ನಾವು ಕೇಳಿದ ಬೆಲೆಗೆ ಮನೆಯವರು ಒಪ್ಪಿದ್ದಾರೆ ಅಂತ ಮಾತ್ರ ಅದರ ಅರ್ಥ. ನಮ್ಮಲ್ಲಿ ಬೆಲೆ ಕುದುರಿದ ಕೂಡಲೇ ಮುಂಗಡ ಕೊಟ್ಟು ಕ್ರಯದ ಕರಾರು ಬರೆಸುತ್ತೀವಿ, ಆಮೇಲೆ ಆಸ್ತಿ ಮೇಲೆ ಸಾಲ ಇದೆಯಾ ಅಂತ ನೋಡಲು ಇ.ಸಿ. ತೆಗೆಸಿ, ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗುತ್ತೀವಿ. ಇಲ್ಲಿ ಪತ್ರಗಳ ಪರಿಶೀಲನೆಯೆಲ್ಲ ಮುಗಿದ ಮೇಲೇ ಕರಾರು. ಎರಡೂ ಕಡೆಯ ಲಾಯರುಗಳು ಸಹಿಯಾದ ಕರಾರುಪತ್ರ ಬದಲಾಯಿಸಿಕೊಳ್ಳುವುದಕ್ಕೆ ಎಕ್ಸ್‌ಚೇಂಜ್ ಅನ್ನುತ್ತಾರೆ. ಅವತ್ತಿನವರೆಗೂ ಯಾರು ಬೇಕಾದರೂ ಹಿಂದೆ ಸರಿಯಬಹುದು, ನಾವೂ ಕೂಡ. ಸಾಮಾನ್ಯವಾಗಿ 10% ಕಟ್ಟುವುದು ಆ ಹೊತ್ತಿಗೆ. ಮನೆ ಬೆಲೆ 2,30,000 ಪೌಂಡ್, ಅಂದರೆ ನಾವು ಕೊಡಬೇಕಾದದ್ದು 23,000. ಅದು ಇವತ್ತಿಗೂ ನಮ್ಮಿಬ್ಬರ ಹೆಸರಿನ ಉಳಿತಾಯ ಖಾತೆಯಲ್ಲಿದೆ. ಬೇಕಾದರೆ ಪಾಸ್‌ಬುಕ್ಕಿನ ಹಾಗೆ ಪ್ರಿಂಟ್ ತೆಗೆದು ಕಳಿಸುತ್ತೇನೆ. ಇಲ್ಲಿಯವರೆಗೆ ಕೊಟ್ಟಿರುವುದು ಕಟ್ಟಡ ಪರೀಕ್ಷೆ ಮಾಡಿದವರ ಫೀಸು, ಲಾಯರು ತೆಗೆಸಿದ ದಾಖಲೆಗಳ ಖರ್ಚು, ಅಷ್ಟೇ. ಮುಂದೆ ದೊಡ್ಡ ಮೊತ್ತ ಲಾಯರ ಹತ್ತಿರ ಹೋದಾಗಲೂ ಅವರು ತಮ್ಮ ದುಡ್ಡಿನ ಜೊತೆ ಬೆರೆಸುವ ಹಾಗಿಲ್ಲ, ಗ್ರಾಹಕರ ಹಣಕ್ಕೆ ಬೇರೆಯದೇ ಖಾತೆ ಇಡಬೇಕೆಂದು ನಿಯಮವಿದೆ.

ಇಷ್ಟು ದಿನ ಯಾಕೆ ಅಂತ ಕೇಳಿದ್ದೀರಿ. ಬೆಲೆ ಒಪ್ಪಿಗೆಯಾದ ಮೇಲೆ ಮೂರರಿಂದ ಆರು ತಿಂಗಳು ಇಲ್ಲಿ ಸಾಮಾನ್ಯ. 2025ರ ಅಕ್ಟೋಬರ್‌ನಲ್ಲಿ ಇಲ್ಲಿನ ಸರ್ಕಾರವೇ ಈ ಪದ್ಧತಿ ಬಹಳ ನಿಧಾನ, ಬದಲಾಯಿಸಬೇಕು ಅಂತ ಜನರ ಅಭಿಪ್ರಾಯ ಕೇಳಿತು. ಭಾವನಿಗೆ ಇದನ್ನು ಖಂಡಿತ ಹೇಳಿ. ಸ್ಕಾಟ್ಲೆಂಡಿನಲ್ಲಿ 2008ರಿಂದ ಮಾರುವವರೇ ಮೊದಲು ಮನೆಯ ವರದಿ ಮಾಡಿಸಿಡಬೇಕು. ಇಂಗ್ಲೆಂಡಿನಲ್ಲಿ ಹೆಚ್ಚಿನ ತಲೆಬಿಸಿ ಕೊಳ್ಳುವವರದೇ.

ಆದರೆ ಇಲ್ಲಿನ ಲಾಯರುಗಳು ನೋಡುವಷ್ಟು ಆಳವಾಗಿ ನೋಡುವುದನ್ನು ನಾನು ಎಲ್ಲೂ ಕಂಡಿಲ್ಲ ಅಪ್ಪ, ಅದು ನನಗೆ ನಿಜಕ್ಕೂ ಇಷ್ಟವಾಗಿದೆ. ನಾವು ಕೊಳ್ಳುತ್ತಿರುವ ಮನೆ ಹಕ್ನಾಲ್ ಅನ್ನುವ ಕಡೆ, ನಾಟಿಂಗ್‌ಹ್ಯಾಮಿನಿಂದ ಟ್ರ್ಯಾಮಿನಲ್ಲಿ ಹೋಗಬಹುದು. ಅಲ್ಲಿ 1986ರವರೆಗೂ ಕಲ್ಲಿದ್ದಲು ಗಣಿ ಇತ್ತು. ಹಾಗಾಗಿ ಮನೆ ಕೆಳಗೆ ಹಳೇ ಸುರಂಗ, ಬಾವಿ ಇದೆಯಾ ಅಂತ ಗಣಿ ದಾಖಲೆಯನ್ನೇ ತೆಗೆಸಿದರು. ನೀರು, ಚರಂಡಿ ಯಾವ ಕೊಳವೆಯಲ್ಲಿ ಹೋಗುತ್ತೆ, ಪ್ರವಾಹದ ಭಯ ಇದೆಯಾ, ಎದುರಿಗೆ ರಸ್ತೆ ಅಗಲ ಮಾಡುವ ಯೋಚನೆ ಕೌನ್ಸಿಲ್‌ಗೆ ಇದೆಯಾ, ಎಲ್ಲಕ್ಕೂ ಬೇರೆಬೇರೆ ಕಾಗದ. ಹಿತ್ತಲಲ್ಲಿ ಜಪಾನೀಸ್ ನಾಟ್‌ವೀಡ್ ಅನ್ನುವ ಗಿಡ ಇದೆಯಾ ಅಂತ ಮಾರುವವರು ಬರೆದುಕೊಡಬೇಕು. ಬೇರು ಕಿತ್ತಷ್ಟೂ ಚಿಗುರುವ ಗಿಡ ಅದು, ಇದ್ದರೆ ಬ್ಯಾಂಕಿನವರು ಸಾಲ ಕೊಡಲು ಹಿಂದೆಮುಂದೆ ನೋಡುತ್ತಾರೆ. ನಮ್ಮದರಲ್ಲಿ ಇಲ್ಲ, ಗಾಬರಿ ಬೇಡ.

ಅಮ್ಮನಿಗೆ ಇದನ್ನು ಓದಿ ಹೇಳಿ. ಕೆಲವು ಜಮೀನುಗಳ ಒಡೆಯರು ಊರಿನ ಹಳೇ ಚರ್ಚಿನ ಗರ್ಭಗುಡಿಯಂಥ ಭಾಗದ ದುರಸ್ತಿಗೆ ಹಣ ಕೊಡಬೇಕು ಅನ್ನುವ ನೂರಾರು ವರ್ಷಗಳ ಹಿಂದಿನ ಕಟ್ಟಳೆ ಇಲ್ಲಿ ಇನ್ನೂ ಜೀವಂತ ಇದೆ. ವಾರಿಕ್‌ಶೈರಿನಲ್ಲಿ ಜಮೀನಿದ್ದ ದಂಪತಿಯೊಬ್ಬರು ನಾವು ಕೊಡುವುದಿಲ್ಲ ಅಂತ ಕೋರ್ಟಿಗೆ ಹೋಗಿ, 2003ರಲ್ಲಿ, ಆಗ ಇಲ್ಲಿನ ಸುಪ್ರೀಂ ಕೋರ್ಟಿನಂತಿದ್ದ ಹೌಸ್ ಆಫ್ ಲಾರ್ಡ್ಸ್‌ನಲ್ಲೇ ಸೋತರು. ನಮ್ಮ ಲಾಯರು ಅದನ್ನೂ ಪರೀಕ್ಷೆ ಮಾಡಿಸಿದ್ದಾರೆ. ಹಾಗೇನೂ ಇಲ್ಲವಂತೆ. ಇಷ್ಟು ನೋಡುವವರು ನಮ್ಮನ್ನು ಹಳ್ಳಕ್ಕೆ ತಳ್ಳುತ್ತಾರಾ, ನೀವೇ ಹೇಳಿ.

ನಮ್ಮ ಮನೆಯ ಕಾಗದಪತ್ರ ಎಲ್ಲ ಸರಿಯಾಗಿದೆ. ಈಗ ತಡ ಆಗಿರುವುದು ನಮ್ಮಿಂದಲ್ಲ, ನಮಗೆ ಮನೆ ಮಾರುವ ಅಜ್ಜ-ಅಜ್ಜಿಯಿಂದಲೂ ಅಲ್ಲ. ಅವರು ಈ ಮನೆ ಕೊಟ್ಟು ಮೇಬಲ್‌ಥೋರ್ಪ್ ಅನ್ನುವ ಸಮುದ್ರತೀರದ ಊರಿನಲ್ಲಿ ಒಂದಂತಸ್ತಿನ ಚಿಕ್ಕ ಮನೆ ಕೊಳ್ಳುತ್ತಿದ್ದಾರೆ. ಅಜ್ಜಿಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ. ಆ ಸಣ್ಣ ಮನೆಯ ಯಜಮಾನಿ ತೀರಿಕೊಂಡಿದ್ದಾರೆ. ಮಕ್ಕಳು ಮಾರುತ್ತಿದ್ದಾರೆ, ಆದರೆ ಪ್ರೊಬೇಟ್, ಅಂದರೆ ತೀರಿಕೊಂಡವರ ಆಸ್ತಿ ವಿಲೇವಾರಿಗೆ ಕೋರ್ಟು ಕೊಡುವ ಅನುಮತಿ, ಬರುವವರೆಗೆ ಅವರಿಗೆ ಮಾರಾಟ ಮುಗಿಸಿಕೊಡುವ ಅಧಿಕಾರ ಇಲ್ಲ. ಮೇಲಾಗಿ ಆ ಮನೆ ಸರ್ಕಾರದ ಆಸ್ತಿ ದಾಖಲೆಯಾದ ಲ್ಯಾಂಡ್ ರಿಜಿಸ್ಟ್ರಿಯಲ್ಲೇ ಇಲ್ಲವಂತೆ. ಇಲ್ಲಿನ ರಿಜಿಸ್ಟ್ರಿ ಶುರುವಾದದ್ದು 1862ರಲ್ಲಿ, ಆದರೆ ಇಡೀ ಇಂಗ್ಲೆಂಡಿನಲ್ಲಿ ಮಾರಾಟವಾದ ಮನೆಗಳನ್ನು ನೋಂದಾಯಿಸುವುದು ಕಡ್ಡಾಯವಾದದ್ದು 1990ರ ಡಿಸೆಂಬರ್‌ನಿಂದ. ಆಕೆ ಅದಕ್ಕೂ ಮುಂಚೆ ಕೊಂಡು ಕೊನೆಯವರೆಗೂ ಅಲ್ಲೇ ಇದ್ದವರು. ಹಾಗಾಗಿ ಹಳೇ ಕ್ರಯಪತ್ರಗಳನ್ನು ಪೆಟ್ಟಿಗೆಯಿಂದ ತೆಗೆದು ಒಂದೊಂದಾಗಿ ಓದಬೇಕು. ನಾವು ಕೊಳ್ಳುವ ಮನೆ ರಿಜಿಸ್ಟ್ರಿಯಲ್ಲಿದೆ. 7 ಪೌಂಡ್ ಕೊಟ್ಟರೆ ಯಾರು ಬೇಕಾದರೂ ಮಾಲೀಕರ ಹೆಸರು, ಮನೆ ಮೇಲಿನ ಸಾಲ ನೋಡಬಹುದು. ಇವರು ಮೊದಲ ವಾರವೇ ನೋಡಿದರು.

ಹೀಗೆ ಒಂದಕ್ಕೊಂದು ತಗುಲಿಕೊಂಡ ಮನೆಗಳಿಗೆ ಚೈನ್ ಅನ್ನುತ್ತಾರೆ. ರೈಲಿನ ಬೋಗಿಗಳ ಹಾಗೆ, ಮುಂದಿನದು ಹೊರಡದೆ ಹಿಂದಿನದು ಹೊರಡುವಂತಿಲ್ಲ. ಎಲ್ಲರ ಎಕ್ಸ್‌ಚೇಂಜೂ ಒಂದೇ ದಿನ ಆಗಬೇಕು, ಕೀ ಕೊಡುವುದೂ ಒಂದೇ ದಿನ. ಅಜ್ಜ ಬೀದಿಗೆ ಬರಲಾಗುತ್ತದೆಯೇ? ಅವರಿಗೆ ಹೋಗಲು ಜಾಗ ಸಿಕ್ಕಿದ ಮೇಲೇ ನಮಗೆ ಬಿಟ್ಟುಕೊಡುವುದು. ನಾವು ಬಾಡಿಗೆ ಮನೆಯವರು, ಈ ಚೈನಿನಲ್ಲಿ ನಮ್ಮ ಹಿಂದೆ ಯಾರೂ ಇಲ್ಲ, ಅದಕ್ಕೇ ಅವರಿಗೆ ನಮ್ಮನ್ನು ಬಿಡಲು ಮನಸ್ಸಿಲ್ಲ. ಯಾರಾದರೂ ಹೆಚ್ಚು ಬೆಲೆ ಕೊಟ್ಟು ಕಿತ್ತುಕೊಂಡರೆ ಅಂತ ಕೇಳಿದ್ದೀರಿ. ಕಾನೂನಿನ ಪ್ರಕಾರ ಅದು ಸಾಧ್ಯ, ಸುಳ್ಳು ಹೇಳುವುದಿಲ್ಲ. ಆದರೆ ಅಜ್ಜ ಮೊನ್ನೆ ಪುಟ್ಟನಿಗೆ ಹಿತ್ತಲಿನ ಸೇಬಿನ ಮರ ತೋರಿಸಿ ಯಾವ ತಿಂಗಳು ಕತ್ತರಿಸಬೇಕು ಅಂತ ಹೇಳಿಕೊಟ್ಟರು. ನನಗೆ ಅವರ ಮೇಲೆ ನಂಬಿಕೆ ಇದೆ.

ಇನ್ನು ಹೊಲದ ವಿಷಯ. ನಿಮ್ಮ ದುಡ್ಡು ಬಂದರೆ ಬೇಗ ಆಗುತ್ತೆ ಅಂದುಕೊಂಡಿದ್ದೀರಿ, ಆಗುವುದು ತದ್ವಿರುದ್ಧ. ಅಪ್ಪ ಕೊಟ್ಟರು ಅಂದರೆ ಸಾಕಾಗುವುದಿಲ್ಲ. ಇದು ಸಾಲವಲ್ಲ, ಉಡುಗೊರೆ, ಮನೆ ಮೇಲೆ ನನಗೆ ಹಕ್ಕಿಲ್ಲ ಅಂತ ನೀವು ಸಹಿ ಮಾಡಿಕೊಡಬೇಕು. ನಿಮ್ಮ ಪಾಸ್‌ಪೋರ್ಟು, ಬ್ಯಾಂಕ್ ಸ್ಟೇಟ್‌ಮೆಂಟು, ಹೊಲ ಮಾರಿದ ಕ್ರಯಪತ್ರ, ಕನ್ನಡದಲ್ಲಿರುವುದಕ್ಕೆ ಪ್ರಮಾಣೀಕರಿಸಿದ ಇಂಗ್ಲಿಷ್ ಅನುವಾದ, ಎಲ್ಲ ಕೇಳುತ್ತಾರೆ. ದುಡ್ಡಿನ ಮೂಲ ಗೊತ್ತಾಗದೆ ಲಾಯರು ಮುಟ್ಟುವ ಹಾಗಿಲ್ಲ. ಗಿರಾಕಿ ಸ್ವಲ್ಪ ಕೈಯಲ್ಲೇ ಕೊಡುತ್ತಾನೆ ಅಂದಿರಲ್ಲ, ಆ ಭಾಗವಂತೂ ಇಲ್ಲಿ ನಡೆಯುವುದೇ ಇಲ್ಲ. ಬ್ಯಾಂಕಿನವರು ಸಾಲದ ಅರ್ಜಿಯನ್ನೇ ಮತ್ತೆ ತಿರುವಿ ಹಾಕಬಹುದು. ನಿಮ್ಮ ಕಡೆಯೂ ಒಂದು ಆರ್ಥಿಕ ವರ್ಷದಲ್ಲಿ 10 ಲಕ್ಷ ದಾಟಿ ಹೊರದೇಶಕ್ಕೆ ಉಡುಗೊರೆ ಕಳಿಸಿದರೆ, ದಾಟಿದ ಮೊತ್ತದ ಮೇಲೆ 20% ಟಿಸಿಎಸ್ ಅನ್ನುವ ತೆರಿಗೆಯನ್ನು ಬ್ಯಾಂಕಿನವರು ಮೊದಲೇ ಕಟ್ಟಿಸಿಕೊಳ್ಳುತ್ತಾರೆ. ಲೆಕ್ಕ ಒಪ್ಪಿಸಿ ಅದನ್ನು ವಾಪಸ್ ತೆಗೆದುಕೊಳ್ಳಲು ನೀವು ಆಡಿಟರ ಬಾಗಿಲು ಕಾಯಬೇಕು. ಈ ವಯಸ್ಸಿನಲ್ಲಿ ಯಾಕೆ?

ಹಳೇ ಮನೆಯ ಖಾತೆಯಲ್ಲಿ ನನ್ನ ಹೆಸರು ಸೇರಿಸುವುದನ್ನೂ ಸದ್ಯಕ್ಕೆ ನಿಲ್ಲಿಸಿ. ಪ್ರಪಂಚದಲ್ಲಿ ಎಲ್ಲಿಯೂ, ಯಾವತ್ತೂ ಸ್ವಂತ ಮನೆ ಇಲ್ಲದಿದ್ದವರನ್ನು ಮಾತ್ರ ಇಲ್ಲಿ ಮೊದಲ ಸಲ ಕೊಳ್ಳುವವರು ಅನ್ನುತ್ತಾರೆ. ಅಂಥವರಿಗೆ 3,00,000 ಪೌಂಡ್‌ವರೆಗೆ ಸ್ಟ್ಯಾಂಪ್ ಡ್ಯೂಟಿ ಇಲ್ಲ. ಒಂದು ಪಾಲು ನನ್ನ ಹೆಸರಿಗೆ ಬಂದರೂ ಆ ವಿನಾಯಿತಿ ತಪ್ಪಿ 2,100 ಪೌಂಡ್ ಬೀಳುತ್ತದೆ, ಇನ್ನೂ ಹೆಚ್ಚೂ ಆಗಬಹುದು. ಅಣ್ಣನ ಹೆಸರಿನಲ್ಲೇ ಇರಲಿ. ಆ ಹೊಲವೂ ಇರಲಿ ಅಪ್ಪ. ನೀವು ಬೆಳಿಗ್ಗೆ ಎದ್ದು ಹೋಗುವುದಕ್ಕೆ ಒಂದು ಜಾಗ ಬೇಕು. ಹೊಲ ಕೊಟ್ಟು ನೀವು ಜಗಲಿ ಮೇಲೆ ಕೂತಿದ್ದೀರಿ ಅಂತ ಗೊತ್ತಾದರೆ ನನಗೆ ಈ ಮನೆಯಲ್ಲಿ ಅನ್ನ ಸೇರುವುದಿಲ್ಲ.

ಬ್ಯಾಂಕಿನ ಸಾಲದ ಒಪ್ಪಿಗೆಗೆ ಅವಧಿ ಇದೆ, ನಿಜ. ಅದು ಮುಗಿಯುವ ಮುಂಚೆ ವಿಸ್ತರಿಸಲು ಕೇಳುತ್ತೇವೆ, ಇವರು ಆಗಲೇ ಮಾತಾಡಿದ್ದಾರೆ. ಒಪ್ಪದಿದ್ದರೆ ಮತ್ತೆ ಅರ್ಜಿ ಹಾಕುತ್ತೇವೆ. ಇಬ್ಬರಿಗೂ ಕೆಲಸ ಇದೆ, ಬಾಡಿಗೆ ಮನೆಯವರು ಖಾಲಿ ಮಾಡಿ ಅಂದಿಲ್ಲ. ಏನೂ ತೊಂದರೆ ಇಲ್ಲ, ನಿಜವಾಗಲೂ ಏನೂ ಇಲ್ಲ.

ಅಮ್ಮ, ಯುಗಾದಿಗೆ ಗೃಹಪ್ರವೇಶ ಆಗುತ್ತಾ ಅಂತ ಕೇಳಿದ್ದೀಯ. ಈಗಲೇ ಮುಹೂರ್ತ ಇಡಿಸಬೇಡ, ಟಿಕೆಟ್ಟಂತೂ ತೆಗೆಸಲೇಬೇಡ. ಕೀ ಕೊಡುವ ತಾರೀಕು ನಿಗದಿಯಾಗುವುದು ಎಕ್ಸ್‌ಚೇಂಜ್ ದಿನ. ಅಲ್ಲಿಂದ ಮನೆ ಸೇರಲು ಒಂದೆರಡು ವಾರ ಸಿಗಬಹುದು, ಅಷ್ಟೇ. ಕೀ ತಗೊಂಡು ಹಾಲು ಉಕ್ಕಿಸಿ ಒಳಗೆ ಹೋಗಿರುತ್ತೇವೆ, ಪೂಜೆ ನೀವಿಬ್ಬರೂ ಬಂದ ಮೇಲೆ ಒಳ್ಳೇ ದಿನ ನೋಡಿ ಮಾಡೋಣ. ನೀವಿಲ್ಲದೆ ಮಾಡುವುದಿಲ್ಲ.

ಅಪ್ಪ, ರಾತ್ರಿ ಎರಡು ಗಂಟೆಗೆ ಎದ್ದು ಕೂರುತ್ತೀರಂತೆ, ಅಮ್ಮ ಹೇಳಿದಳು. ಬಿಪಿ ಮಾತ್ರೆ ಬಿಡಬೇಡಿ. ಈ ಪತ್ರ ಭಾವನಿಗೂ ತೋರಿಸಿ. ಅವರಿಗೆ ಅನುಮಾನ ಉಳಿದರೆ ಇವರಿಗೆ ನೇರವಾಗಿ ಫೋನ್ ಮಾಡಲಿ, ಎಲ್ಲ ಕಾಗದ ತೋರಿಸುತ್ತಾರೆ.

ಅಂಚೆಗೆ ಕಾಯುವುದು ಬೇಡ ಅಂತ ಈಗಲೇ ಫೋಟೋ ತೆಗೆದು ಅಣ್ಣನ ವಾಟ್ಸ್ಯಾಪ್‌ಗೆ ಹಾಕುತ್ತಿದ್ದೇನೆ. ಮುಂಗಡ ತಗೊಂಡಿಲ್ಲ ಅಂತ ಅವನ ಕೈಲಿ ಇವತ್ತೇ ಒಂದು ಮೆಸೇಜ್ ಮಾಡಿಸಿ. ಪುಟ್ಟನನ್ನು ಈಜು ಕ್ಲಾಸಿಗೆ ಕರೆದುಕೊಂಡು ಹೋಗಬೇಕು, ಇವರು ಕಾರಿನಲ್ಲಿ ಕಾಯುತ್ತಿದ್ದಾರೆ. ಉಳಿದದ್ದು ಫೋನಿನಲ್ಲಿ.

ಇಂತಿ ನಿಮ್ಮ ಮಗಳು,
ಸವಿತಾ