ಉದ್ಘಾಟನೆ ಬೇಡ, ಒಂದು ಕೋಣೆ ಸಾಕು: ಗದಗ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಶರಣು. ಈ ಪತ್ರದ ಕೆಳಗೆ ಹೆಸರಿಲ್ಲ. ಹೆಸರಿಲ್ಲದ ಅರ್ಜಿ ಕಚೇರಿಯಲ್ಲಿ ಕಸದ ಬುಟ್ಟಿ ಸೇರುತ್ತದೆಂದು ಬಲ್ಲೆ, ಅದಕ್ಕೇ ಬಹಿರಂಗವಾಗಿ ಬರೆದೆ. ಕೇಳುವುದು, ಕುಡಿತ ಬಿಡುವವರು ಕೂಡಿ ಕೂರಲು ಗದಗದಲ್ಲೊಂದು ಕೋಣೆ.

ನಾನು ಗದಗದ ಪ್ರಿಂಟಿಂಗ್ ಪ್ರೆಸ್ಸೊಂದರ ನೌಕರ. ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್, ಸರ್ಕಾರಿ ಸಮಾರಂಭದ ಆಮಂತ್ರಣ, ಹೊಸ ಬಾರಿನ ಉದ್ಘಾಟನೆ ಕಾರ್ಡು, ಎಲ್ಲ ನನ್ನ ಕೈಯಲ್ಲೇ ಅಚ್ಚಾಗಿವೆ. ಹತ್ತೊಂಬತ್ತು ವರ್ಷ ಕುಡಿದವ. 2007ರ ಜುಲೈ 1ಕ್ಕೆ ಸಾರಾಯಿ ಬಂದ್ ಆದಾಗ ನಮ್ಮ ಓಣಿಯ ಹೆಂಗಸರು ಸಕ್ಕರೆ ಹಂಚಿದರು. ಪಾಕೀಟಿನವನಾಗಿದ್ದ ನನಗೆ ಕ್ವಾರ್ಟರ್ ಬಾಟಲಿಗೆ ಬಡ್ತಿ ಸಿಕ್ಕಿತು, ಅಷ್ಟೇ.

ಚುನಾವಣೆ ಬಂತೆಂದರೆ ಮತದಾನ ಮುಗಿಯುವವರೆಗಿನ 48 ತಾಸು ಮದ್ಯ ಮಾರಾಟ ಬಂದ್ ಎಂಬ ಆದೇಶ ತಮ್ಮ ಕಚೇರಿಯಿಂದ ಹೊರಡುತ್ತದೆ. ಅದರ ಹಿಂದಿನ ಸಂಜೆ ವೈನ್ ಶಾಪಿನ ಮುಂದಿನ ಪಾಳಿ ಒಮ್ಮೆ ನೋಡಿರಿ. 2023ರ ವಿಧಾನಸಭಾ ಚುನಾವಣೆಗೆ ನನ್ನ ಕೈಯಲ್ಲಿ ಮುಂಗಡ ಕೊಳ್ಳುವಷ್ಟು ರೊಕ್ಕವಿರಲಿಲ್ಲ. ಮೊದಲ ದಿನ ಬೆವರು, ಕೈ ನಡುಕ. ಎರಡನೆಯ ದಿನ ಓಟಿನ ಪಾಳಿಯಲ್ಲೇ ಫಿಟ್ಸ್ ಬಂದು ಬಿದ್ದೆ. ‘ಕುಡದಾನ’ ಅಂದರಂತೆ ಸುತ್ತಲಿನವರು. ಕುಡಿಯದೇ ಇದ್ದದ್ದಕ್ಕೆ ಬಿದ್ದಿದ್ದೆ. ವರ್ಷಗಟ್ಟಲೆ ಕುಡಿದ ಮೈಗೆ ಒಮ್ಮೆಲೇ ಬಿಡುವುದೂ ಜೀವಕ್ಕೆ ಕುತ್ತು, ಡಾಕ್ಟರ ಕೈಯಲ್ಲೇ ಬಿಡಬೇಕು ಎಂದು ತಿಳಿದದ್ದು ಆಮೇಲೆ.

ಒಂದು ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇಟ್ಟುಕೊಂಡರು, ಚೆನ್ನಾಗಿಯೇ ನೋಡಿಕೊಂಡರು. ಬಿಡುಗಡೆಯ ಚೀಟಿಯಲ್ಲಿ ಗುಳಿಗೆಗಳ ಹೆಸರು, ಕೆಳಗೆ ‘ಮದ್ಯಪಾನ ಮಾಡಬಾರದು’, ಅದಕ್ಕೊಂದು ಗೆರೆ. ಮಾಡದೆ ಇರುವುದು ಹೇಗೆ, ಯಾರ ಜೊತೆ ಕೂತು ಎಂದು ಬರೆದಿರಲಿಲ್ಲ. ಇಪ್ಪತ್ಮೂರನೆಯ ದಿನ ಮತ್ತೆ ಬಾರಿನ ಕಟ್ಟೆ.

ದಾರಿ ಸಿಕ್ಕದ್ದು ಹುಬ್ಬಳ್ಳಿ ರೈಲಿನಲ್ಲಿ. ನನ್ನ ಹೆಂಡತಿಯ ಕಣ್ಣು ನೋಡಿ ಪಕ್ಕದಲ್ಲಿದ್ದ ಹೆಂಗಸೊಬ್ಬರು, “ನಮ್ಮ ಮನ್ಯಾರೂ ಹಿಂಗ ಇದ್ರವ್ವಾ” ಎಂದು ಮಾತು ತೆಗೆದು, ಮೀಟಿಂಗಿನ ವಾರ, ವೇಳೆ, ಜಾಗ ಟಿಕೀಟಿನ ಹಿಂದೆ ಬರೆದುಕೊಟ್ಟರು. ಕುಡಿತ ಬಿಡಲು ಕುಡುಕರೇ ಕೂಡಿ ಕೂರುವ ಆ ಕೂಟದ ಹೆಸರು ಆಲ್ಕೊಹಾಲಿಕ್ಸ್ ಅನಾನಿಮಸ್; ಆ ಹೆಸರನ್ನು ಅಚ್ಚಿನ ಕೆಲಸದವನಾದ ನಾನು ಅವತ್ತಿನ ತನಕ ಎಲ್ಲೂ ಅಚ್ಚಾಗಿ ನೋಡಿರಲಿಲ್ಲ.

ಮೊದಲ ಸಲ ಹುಬ್ಬಳ್ಳಿಯ ಆ ಕಟ್ಟಡಕ್ಕೆ ಮೂರು ಸುತ್ತು ಹಾಕಿದೆ. ಒಳಗೆ ಪ್ರವಚನ ಇರಬಹುದು, ಇಲ್ಲವೇ ಬೈಗುಳ ಅಂದುಕೊಂಡಿದ್ದೆ. ಇದ್ದದ್ದು ಪ್ಲಾಸ್ಟಿಕ್ ಕುರ್ಚಿ, ಹತ್ತು ಹನ್ನೆರಡು ಜನ. “ಬರ್ರಿ, ಕುಂದರ್ರಿ, ಚಾ ಕುಡೀರಿ.” ಜಾತಿ ಕೇಳಲಿಲ್ಲ, ಅಡ್ಡಹೆಸರು ಕೇಳಲಿಲ್ಲ. ಆಟೋ ಓಡಿಸುವವರೊಬ್ಬರು ಸೀಟಿನ ಕೆಳಗೆ ಕ್ವಾರ್ಟರ್ ಮುಚ್ಚಿಡುತ್ತಿದ್ದ ಕತೆ ಹೇಳಿದಾಗ, ಶಾಯಿ ಡಬ್ಬಿಗಳ ಹಿಂದೆ ಮುಚ್ಚಿಡುತ್ತಿದ್ದ ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. 1935ರಲ್ಲಿ ಅಮೆರಿಕದ ಅಕ್ರಾನ್ ಊರಿನಲ್ಲಿ ಇದನ್ನು ಶುರುಮಾಡಿದ ಇಬ್ಬರೂ ಕುಡುಕರೇ, ಅದರಲ್ಲೊಬ್ಬರು ಸ್ವತಃ ಡಾಕ್ಟರು ಎಂದರು. ಯಾಕೋ ಅದು ನನಗೆ ಬಹಳ ಸಮಾಧಾನ ಕೊಟ್ಟಿತು.

ಅಲ್ಲಿ ಫೀ ಇಲ್ಲ. ಕೊನೆಗೊಂದು ಡಬ್ಬಿ ತಿರುಗುತ್ತದೆ, ಆದವರು ಹತ್ತು ರೂಪಾಯಿ ಹಾಕುತ್ತಾರೆ. ಹೊರಗಿನವರ ದೇಣಿಗೆ ಮುಟ್ಟುವುದಿಲ್ಲ, ಸರ್ಕಾರದ್ದೂ ಸೇರಿ. ಒಳಗಿನ ಹೆಸರು ಹೊರಗೆ ಹೋಗುವುದಿಲ್ಲ, ನನ್ನ ಸಹಿ ಇಲ್ಲದಿರುವುದೂ ಅದಕ್ಕೇ. ಆದ್ದರಿಂದ ಅನುದಾನ ಕೇಳುತ್ತಿಲ್ಲ, ಬ್ಯಾನರು, ಫೋಟೋ, ಹಾರ ಯಾವುದೂ ಬೇಡ.

ಬೇಕಾದದ್ದು ಗದಗದಲ್ಲಿ ಒಂದು ಕೋಣೆ. ಹುಬ್ಬಳ್ಳಿ ಸುಮಾರು 60 ಕಿಲೋಮೀಟರ್. ಮೀಟಿಂಗ್ ಮುಗಿಸಿ ಮನೆ ಮುಟ್ಟಲು ರಾತ್ರಿ ಹತ್ತಾಗುತ್ತದೆ, ಅರ್ಧ ದಿನದ ಪಗಾರ ಹೋಗುತ್ತದೆ. ರೋಣ, ಮುಂಡರಗಿ ಕಡೆಯವರ ಪಾಡು ಕೇಳಲೇಬೇಡಿ. ಸಂಜೆ ಖಾಲಿ ಬೀಳುವ ಸರ್ಕಾರಿ ಕಟ್ಟಡಗಳು ಊರಲ್ಲಿ ಬೇಕಾದಷ್ಟಿವೆ. ವಾರಕ್ಕೆರಡು ಸಂಜೆ, ಒಂದೂವರೆ ತಾಸು ಬೀಗ ತೆಗೆಸಿರಿ. ಬಾಡಿಗೆ ನಾವೇ ಕೊಡುತ್ತೇವೆ, ಕಸವನ್ನೂ ನಾವೇ ಹೊಡೆಯುತ್ತೇವೆ.

ಪ್ರತಿ ಆಗಸ್ಟ್ 1ಕ್ಕೆ ಇಳಕಲ್ಲಿನ ಮಹಾಂತ ಶಿವಯೋಗಿಗಳ ಜಯಂತಿಯನ್ನು ವ್ಯಸನಮುಕ್ತ ದಿನವೆಂದು ಆಚರಿಸುತ್ತೇವೆ. ಸಾಲಿ ಹುಡುಗರಿಗೆ ಪ್ರತಿಜ್ಞೆ ಬೋಧಿಸಿ, ಚಾ ಬಿಸ್ಕೀಟು ಕೊಟ್ಟು ಮುಗಿಸುತ್ತೇವೆ. ಮಹಾಂತ ಅಪ್ಪಗಳು ಜೋಳಿಗೆ ಹಿಡಿದು ಜನರ ಚಟಗಳನ್ನೇ ಭಿಕ್ಷೆ ಬೇಡಿದವರು. ಅವರು ಕುಡುಕನ ಮನೆ ಬಾಗಿಲಿಗೆ ಹೋದರು. ನಮ್ಮ ಸಮಾರಂಭಕ್ಕೆ ಕುಡುಕ ಬರುವುದೇ ಇಲ್ಲ.

2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯವ್ಯಸನದಿಂದ ಬರುವ ಮನೋಸ್ಥಿತಿಗಳನ್ನೂ ಕಾಯಿಲೆಯೆಂದೇ ಎಣಿಸುತ್ತದೆ. ಹಾಗಿದ್ದರೆ ಬಿಡುಗಡೆಯ ಚೀಟಿಯಲ್ಲಿ ಮೀಟಿಂಗಿನ ಜಾಗ, ವೇಳೆ ಬರೆಯಲು ಜಿಲ್ಲೆಯ ಆಸ್ಪತ್ರೆಗಳಿಗೆ ಹೇಳಿರಿ. ಮನೆಯವರಿಗೂ ಅಲ್-ಅನಾನ್ ಎಂಬ ಬೇರೆ ಕೂಟವಿದೆಯೆಂದು ತಿಳಿಸಲಿ.

ಇನ್ನೊಂದು ಮಾತು, ಆ 48 ತಾಸಿನದು. ಮುಂದಿನ ಆದೇಶ ಹೊರಡಿಸುವಾಗ ಅದೇ ಹಾಳೆಯ ಕೆಳಗೆ, ದಪ್ಪ ಅಕ್ಷರದಲ್ಲಿ, ಕೈ ನಡುಗಿದರೆ, ಫಿಟ್ಸ್ ಬಂದರೆ ತಡಮಾಡದೆ ಆಸ್ಪತ್ರೆಗೆ ಬರುವಂತೆ ಬರೆಸಿರಿ. ಜೊತೆಗೆ ಮಾತಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416, ಹಗಲು ರಾತ್ರಿ ಉಚಿತ. ಅದರ ಒಂದೊಂದು ಪ್ರತಿ ಎಲ್ಲ ವೈನ್ ಶಾಪುಗಳ ಶಟರಿಗೆ ಅಂಟಲಿ. ಅಚ್ಚಿನ ಖರ್ಚು ನನಗಿರಲಿ.

ಇಂತಿ ತಮ್ಮ ವಿಶ್ವಾಸಿ,
ಅಚ್ಚಿನ ಕೆಲಸದವ, ಗದಗ-ಬೆಟಗೇರಿ