ಮೂಗು ಕಡ ಕೊಟ್ಟವರಿಗೆ

ಇವತ್ತು ಬೆಳಿಗ್ಗೆ ಓವನ್ನಿನ ಬಾಗಿಲು ತೆರೆಯುವ ಮೊದಲೇ ಬಿಸ್ಕತ್ತು ಬೆಂದಿದೆ ಎಂದು ನನಗೆ ಗೊತ್ತಾಯಿತು. ಗಡಿಯಾರ ನೋಡಿರಲಿಲ್ಲ, ಯಾರನ್ನೂ ಕರೆದು ಕೇಳಿರಲಿಲ್ಲ. ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಚುತ್ತ ನಿಂತಿದ್ದೆ. ಮೊದಲು ಕಾದ ಬೆಣ್ಣೆಯ ಕಂಪು ಬಂತು, ಅದರ ಬೆನ್ನಿಗೆ ಚಕ್ಕೆ, ಕೊನೆಯಲ್ಲಿ ಸಣ್ಣಗೆ ಲವಂಗ. ಬಟ್ಟೆಯನ್ನು ಅಲ್ಲೇ ಬಿಟ್ಟು ಓಡಿದೆ. ತಟ್ಟೆ ಹೊರಗೆಳೆದಾಗ ಅಂಚುಗಳು ಆಗಷ್ಟೇ ಹೊಂಬಣ್ಣಕ್ಕೆ ತಿರುಗಿದ್ದವು. ಹದಿಮೂರು ತಿಂಗಳಲ್ಲಿ ನನ್ನ ಮೂಗನ್ನೇ ನಂಬಿ ಇಳಿಸಿದ ಮೊದಲ ತಟ್ಟೆ ಅದು.

ಈ ಹದಿಮೂರು ತಿಂಗಳು ನನ್ನ ಪರವಾಗಿ ಮೂಸಿದವರು, ರುಚಿ ನೋಡಿದವರು, ಸೀದದ್ದನ್ನು ಸೀದಿದೆ ಎಂದು ಹೇಳಿದವರು ಹಲವರಿದ್ದಾರೆ. ಒಬ್ಬೊಬ್ಬರಿಗೂ ಬಾಯಿಮಾತಿನಲ್ಲಿ ಹೇಳಿದ್ದೇನೆ. ಆದರೆ ಬಾಯಿಮಾತಿನಲ್ಲಿ ಹೇಳುವಾಗ ಗಂಟಲು ಕಟ್ಟಿ ಅರ್ಧಕ್ಕೇ ನಿಲ್ಲುತ್ತೇನೆ. ಆದ್ದರಿಂದ ಎಲ್ಲರೆದುರು ಬರೆದು ಪೂರ್ತಿ ಮಾಡುತ್ತಿದ್ದೇನೆ.

ಕಳೆದ ವರ್ಷ ಎಲೆಗಳು ಬಣ್ಣ ತಿರುಗುವುದಕ್ಕೆ ಸ್ವಲ್ಪ ಮುಂಚೆ ನಾಲ್ಕು ದಿನ ವೈರಲ್ ಜ್ವರ ಬಂತು. ಜ್ವರ ಬಿಟ್ಟಿತು, ಕಟ್ಟಿದ ಮೂಗು ಬಿಟ್ಟಿತು, ವಾಸನೆ ಮಾತ್ರ ಮರಳಲಿಲ್ಲ. ಮೊದಲು ಗೊತ್ತಾದದ್ದು ಸ್ನಾನದ ಸೋಪಿನಿಂದ. ಕೈತುಂಬ ನೊರೆ ಇತ್ತು, ಪರಿಮಳ ಇರಲಿಲ್ಲ. ಆಮೇಲೆ ಕಾಫಿ ಬರೀ ಬಿಸಿಯಾದ ಕಹಿ ನೀರಾಯಿತು. ನಾವು ರುಚಿ ಎಂದು ಕರೆಯುವುದರಲ್ಲಿ ನಾಲಿಗೆಗೆ ಸಿಗುವುದು ಸಿಹಿ, ಉಪ್ಪು, ಹುಳಿ, ಕಹಿ ಮತ್ತು ಉಮಾಮಿ (ಅಣಬೆಯಂಥವುಗಳ ಗಾಢ ರುಚಿ) ಎಂಬ ಐದು ಮಾತ್ರ. ಚಕ್ಕೆಗೂ ಏಲಕ್ಕಿಗೂ ಇರುವ ಅಂತರವನ್ನು ಹೇಳುವುದು ಅಗಿಯುವಾಗ ಗಂಟಲಿನ ಹಿಂಭಾಗದಿಂದ ಮೂಗಿನೊಳಕ್ಕೆ ಏರುವ ಆವಿ. ಆ ದಾರಿ ನನ್ನಲ್ಲಿ ಮುಚ್ಚಿಹೋಗಿತ್ತು.

ವಾಸನೆ ಕಳೆದುಕೊಂಡವರ ಸಂಕಟ ಹೊರಗೆ ಕಾಣುವುದಿಲ್ಲ. ಗಾಯವಿಲ್ಲ, ಪಟ್ಟಿಯಿಲ್ಲ. ಶರತ್ಕಾಲವನ್ನು ನಾನು ಯಾವಾಗಲೂ ಮೂಗಿನಿಂದಲೇ ಗುರುತಿಸಿದವಳು: ನೆಲದ ಮೇಲೆ ಕೊಳೆಯತೊಡಗಿದ ಒದ್ದೆ ಎಲೆ, ಮೊದಲ ಚಳಿಗೆ ಪೆಟ್ಟಿಗೆಯಿಂದ ಹೊರಬಂದ ಉಣ್ಣೆಬಟ್ಟೆ, ಬೇಗ ಕತ್ತಲಾದ ಸಂಜೆ ಅಡುಗೆಮನೆಯಿಂದ ಹೊರಡುವ ಮಸಾಲೆಯ ಘಮ. ಆ ವರ್ಷ ಎಲೆಗಳು ಚಿತ್ರದಲ್ಲಿ ಉದುರಿದಂತೆ ಉದುರಿದವು. ಹೊರಗೆ ಹೋಗಿ ಅವುಗಳ ನಡುವೆ ನಿಂತರೂ ನನಗೂ ಅವಕ್ಕೂ ಮಧ್ಯೆ ಒಂದು ಕಿಟಕಿಯ ಗಾಜು ಇದ್ದೇ ಇತ್ತು.

ಜ್ವರ ಬಿಟ್ಟು ಆರನೆಯ ವಾರ ಗೆಳತಿ ಬಂದಳು. ಹೂವು ತಂದರೆ ನನಗೆ ನೋವಾದೀತು ಎಂದು ಅವಳಿಗೆ ಹೊಳೆದಿತ್ತು. ತಗಡಿನ ಡಬ್ಬಿಯಲ್ಲಿ ತಾನೇ ಮಾಡಿದ, ಬೆಣ್ಣೆ ಹೆಚ್ಚಿರುವ ಬಿಸ್ಕತ್ತಾದ ಮಸಾಲೆ ಶಾರ್ಟ್‌ಬ್ರೆಡ್ ತಂದಿದ್ದಳು. “ಮೂಗಿಗೆ ಗೊತ್ತಾಗದಿದ್ದರೆ ಬೇಡ, ಹಲ್ಲಿಗೆ ಗೊತ್ತಾಗುತ್ತದೆ, ಕಚ್ಚು” ಎಂದಳು. ಸ್ಕಾಟ್ಲೆಂಡಿನಲ್ಲಿ ಹೊಸ ವರ್ಷದ ನಡುರಾತ್ರಿ ಕಳೆದ ಮೇಲೆ ಮನೆಯ ಹೊಸ್ತಿಲು ದಾಟುವ ಮೊದಲ ಅತಿಥಿ ಕಲ್ಲಿದ್ದಲಿನ ತುಂಡು, ಶಾರ್ಟ್‌ಬ್ರೆಡ್ ಮುಂತಾದವನ್ನು ಕೈಯಲ್ಲಿ ಹಿಡಿದು ಬರುವ ವಾಡಿಕೆ ಇದೆ. ಮನೆ ಬೆಚ್ಚಗಿರಲಿ, ಹೊಟ್ಟೆ ತುಂಬಿರಲಿ ಎಂಬ ಹಾರೈಕೆ ಅದು. ಹೊಸ ವರ್ಷ ಇನ್ನೂ ದೂರವಿತ್ತು. ಆದರೂ ಆ ಸಂಜೆ ನನ್ನ ಹೊಸ್ತಿಲು ದಾಟಿದ ಮೊದಲ ಅತಿಥಿ ಅವಳೇ.

ಕಚ್ಚಿದೆ. ಮೊದಲು ಸಣ್ಣ ಬಿಗುವು, ಮರುಕ್ಷಣ ಎಲ್ಲ ಒಟ್ಟಿಗೆ ಕುಸಿದು ನಾಲಿಗೆಯ ಮೇಲೆ ಮರಳು ಮರಳಾಗಿ ಹರಡಿತು. ಬೆಣ್ಣೆ ಕರಗಿ ತೆಳ್ಳಗೆ ಆವರಿಸಿತು. ಸಿಹಿ ಇತ್ತು, ಉಪ್ಪಿನ ಒಂದು ಹರಳು ಇತ್ತು. ಘಮ ಇರಲಿಲ್ಲ. ಆದರೆ ಆರು ವಾರ ಕರ್ತವ್ಯವೆಂಬಂತೆ ಉಣ್ಣುತ್ತಿದ್ದ ನಾನು ಕೇಳಿ ಎರಡನೆಯದನ್ನು ತೆಗೆದುಕೊಂಡೆ. ಗೆಳತಿ ಕಿಟಕಿಯ ಕಡೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡದ್ದು ನನಗೆ ಕಂಡಿತ್ತು. ಇಲ್ಲಿಯವರೆಗೆ ಅವಳಿಗೆ ಅದನ್ನು ಹೇಳಿರಲಿಲ್ಲ.

ಶಾರ್ಟ್‌ಬ್ರೆಡ್‌ನ ಹೆಸರಿನಲ್ಲಿರುವ ‘ಶಾರ್ಟ್’ ಅದರ ಉದುರುತನಕ್ಕೆ ಇಟ್ಟ ಹೆಸರು. ಮೈದಾಹಿಟ್ಟಿನ ಪ್ರೋಟೀನಿಗೆ ನೀರು ಸೇರಿಸಿ ನಾದಿದರೆ ಗ್ಲುಟೆನ್ ಎಂಬ ಉದ್ದನೆಯ, ಎಳೆದರೆ ಹಿಗ್ಗುವ ಜಾಲ ಕಟ್ಟಿಕೊಳ್ಳುತ್ತದೆ. ಬ್ರೆಡ್ಡಿಗೆ ಅದು ಬೇಕೇ ಬೇಕು. ಇಲ್ಲಿ ಬೆಣ್ಣೆ ಮೊದಲೇ ಹಿಟ್ಟಿನ ಕಣಕಣಕ್ಕೂ ಮೆತ್ತಿಕೊಂಡು ನೀರನ್ನು ದೂರವಿಡುತ್ತದೆ, ಎಳೆಗಳು ಗಿಡ್ಡವಾಗಿಯೇ ಉಳಿಯುತ್ತವೆ. ಮೊಟ್ಟೆ ಇಲ್ಲ, ಸೋಡಾ ಇಲ್ಲ. ತೂಕದಲ್ಲಿ ಒಂದು ಪಾಲು ಸಕ್ಕರೆ, ಎರಡು ಪಾಲು ಬೆಣ್ಣೆ, ಮೂರು ಪಾಲು ಹಿಟ್ಟು. ಬಾಯಿಗೆ ಕೊಡುವ ಸುಖದ ಬಹುಪಾಲನ್ನು ಇಷ್ಟು ಮಟ್ಟಿಗೆ ಸ್ಪರ್ಶದಲ್ಲೇ ಇಟ್ಟಿರುವ ತಿನಿಸು ನನಗೆ ಬೇರೆ ಗೊತ್ತಿಲ್ಲ. ಅದಕ್ಕೇ ಆ ಡಬ್ಬಿ ಖಾಲಿಯಾದ ದಿನ ನಾನೇ ಮಾಡಬೇಕು ಎನ್ನಿಸಿತು.

ಕಲಿಸಿದವಳು ಅಕ್ಕ, ಫೋನಿನಲ್ಲಿ, ವಾರಕ್ಕೆ ಎರಡು ಸಂಜೆ. ಮೂಸಿ ನೋಡದೆ ಅಡುಗೆ ಮಾಡುವುದು ಹೇಗೆಂದು ಅವಳಿಗೂ ಗೊತ್ತಿರಲಿಲ್ಲ. ನನಗೋಸ್ಕರ ತಾನೇ ಮೂಗಿಗೆ ಬಟ್ಟೆಪಿನ್ನು ಸಿಕ್ಕಿಸಿಕೊಂಡು ಮಾಡಿ ನೋಡಿ, ಆಮೇಲೆ ಹೇಳಿಕೊಟ್ಟಳು. ಬೆಣ್ಣೆಯನ್ನು ಒತ್ತಿದರೆ ಬೆರಳಚ್ಚು ನಿಲ್ಲಬೇಕು, ಬೆರಳು ಮುಳುಗಬಾರದು. 100 ಗ್ರಾಂ ನುಣ್ಣನೆಯ ಸಕ್ಕರೆಗೆ 200 ಗ್ರಾಂ ಬೆಣ್ಣೆ. 300 ಗ್ರಾಂ ಹಿಟ್ಟಿನಲ್ಲಿ 50 ಗ್ರಾಂ ಅಕ್ಕಿಹಿಟ್ಟಾದರೆ ಹಲ್ಲಿಗೆ ಇನ್ನಷ್ಟು ಗರಿ. ನಾದಬೇಡ, ಸುಮ್ಮನೆ ಕೂಡಿಸು. ಮುಷ್ಟಿಯಲ್ಲಿ ಒತ್ತಿದರೆ ಒಂದಾಗಬೇಕು, ಅಂಗೈಗೆ ಅಂಟಬಾರದು. ಒಂದು ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ ಕತ್ತರಿಸಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಡು, ಬೆಣ್ಣೆ ಮತ್ತೆ ಗಟ್ಟಿಯಾದರೆ ಆಕಾರ ಕೆಡುವುದಿಲ್ಲ. ಬೆಣ್ಣೆಯಲ್ಲಿ ಶೇಕಡಾ 16ರಷ್ಟು ನೀರಿರುತ್ತದೆ, ಆ ಆವಿ ಹೊರಬರಲು ಫೋರ್ಕಿನಿಂದ ಚುಚ್ಚು. 160 ಡಿಗ್ರಿ ಸೆಲ್ಸಿಯಸ್, 20ರಿಂದ 25 ನಿಮಿಷ. ಹೊರತೆಗೆದಾಗ ಮೆತ್ತಗಿದ್ದರೆ ಹೆದರಿ ಮತ್ತೆ ಒಳಗಿಡಬೇಡ, ಆರುತ್ತ ಆರುತ್ತ ಗಟ್ಟಿಯಾಗುತ್ತದೆ.

ಅಕ್ಕಾ, ಒಂದು ಸಲವೂ ನೀನು “ಎಲ್ಲ ಸರಿಹೋಗುತ್ತದೆ ಬಿಡು” ಎನ್ನಲಿಲ್ಲ. “ಹಿಟ್ಟು ಹೇಗಿದೆ?” ಎಂದು ಕೇಳಿದೆ. ಬೇರೆಯವರ ಫೋನು ಬಂದಾಗ ಸುಮ್ಮನಿರುತ್ತಿದ್ದ ನಾನು ನಿನ್ನದನ್ನು ಎತ್ತುತ್ತಿದ್ದದ್ದು ಅದಕ್ಕೇ.

ನನ್ನನ್ನು ನೋಡಿದ ಕಿವಿ, ಮೂಗು, ಗಂಟಲಿನ ತಜ್ಞರಿಗೆ ನಾನು ಬೇರೆಯದೇ ರೀತಿಯಲ್ಲಿ ಋಣಿ. ಅವರು ಭರವಸೆಯನ್ನು ಅಳೆದು ಕೊಟ್ಟರು. ಮೂಗಿನ ಮೇಲ್ಭಾಗದಲ್ಲಿ ವಾಸನೆ ಹಿಡಿಯುವ ನರಕೋಶಗಳು ಜೀವನವಿಡೀ ಹೊಸದಾಗಿ ಹುಟ್ಟುತ್ತಿರುತ್ತವೆ, ಆದರೆ ಮರಳುವುದು ಎಷ್ಟು, ಯಾವಾಗ ಎಂದು ಹೇಳಲಾರೆ ಎಂದರು. ಗುಲಾಬಿ, ನೀಲಗಿರಿ, ನಿಂಬೆ, ಲವಂಗ ಈ ನಾಲ್ಕನ್ನು ದಿನಕ್ಕೆ ಎರಡು ಬಾರಿ, ಮನಸ್ಸಿಟ್ಟು ಮೂಸಬೇಕು, ಕನಿಷ್ಠ 12 ವಾರ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಥಾಮಸ್ ಹುಮ್ಮೆಲ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಬಂದ ಕ್ರಮ ಇದು. ಏನೂ ಬಾರದ ಸೀಸೆಯನ್ನು ಮೂಗಿನ ಬಳಿ ಹಿಡಿದು, ಲವಂಗ ಹೇಗಿತ್ತು ಎಂದು ನೆನಪಿಸಿಕೊಳ್ಳುತ್ತ ಕುಳಿತುಕೊಳ್ಳುವುದು ಸುಲಭವಲ್ಲ. ಒಂದು ಭೇಟಿಯಲ್ಲಿ ನಾನು ಬಿಟ್ಟುಬಿಡುತ್ತೇನೆ ಎಂದೆ. ವೈದ್ಯರು ಬರೆಯುವುದನ್ನು ನಿಲ್ಲಿಸಿ, “ಲವಂಗ ಹಾಕಿ ಏನಾದರೂ ಮಾಡುತ್ತೀರಾ?” ಎಂದು ಕೇಳಿದರು. ಹೌದು ಎಂದೆ. “ಹಾಗಾದರೆ ಅದನ್ನು ಮಾಡುವಾಗ ಮೂಸಿ, ಸೀಸೆಯ ಮುಂದೆ ಕೂರಬೇಡಿ” ಎಂದರು. ಆ ಒಂದು ಮಾತಿನಿಂದ ಔಷಧವೂ ಅಡುಗೆಯೂ ಒಂದೇ ಮೇಜಿಗೆ ಬಂದವು.

ಹಿಟ್ಟಿಗೆ ಮಸಾಲೆ ಸೇರಿದ್ದು ಹೀಗೆ. ಶಾರ್ಟ್‌ಬ್ರೆಡ್‌ಗೆ ಮಸಾಲೆ ಹೊಸದೇನೂ ಅಲ್ಲ. ಸ್ಕಾಟ್ಲೆಂಡಿನ ರಾಣಿ ಮೇರಿಗೆ (1542–1587) ಕ್ಯಾರವೇ ಎಂಬ, ಜೀರಿಗೆಯ ಜಾತಿಯ ಕಾಳು ಹಾಕಿದ ಶಾರ್ಟ್‌ಬ್ರೆಡ್ ಇಷ್ಟವಾಗಿತ್ತು ಎಂಬ ಪ್ರತೀತಿ ಇದೆ. ನಾನು ಹಾಕಿದ್ದು ಚಕ್ಕೆ, ಒಣಶುಂಠಿ, ಏಲಕ್ಕಿ, ಜಾಯಿಕಾಯಿ ಮತ್ತು ಚಿಟಿಕೆ ಲವಂಗ. ಇವುಗಳ ಪರಿಮಳದ ಎಣ್ಣೆಗಳು ಕೊಬ್ಬಿನಲ್ಲಿ ಚೆನ್ನಾಗಿ ಕರಗುವುದರಿಂದ ಪುಡಿಯನ್ನು ಹಿಟ್ಟಿಗೆ ಹಾಕದೆ ಬೆಣ್ಣೆ, ಸಕ್ಕರೆಯ ಜೊತೆಗೇ ಕಲಸುವುದು ಒಳ್ಳೆಯದು. ಆಗ ಒಂದು ವಿಷಯ ಕಂಡುಕೊಂಡೆ. ಶುಂಠಿಯ ಖಾರವೂ ಲವಂಗ ಜುಮ್ಮೆನಿಸುವುದೂ ವಾಸನೆಯ ನರದಿಂದ ಬರುವುದಿಲ್ಲ. ಅವನ್ನು ಒಯ್ಯುವುದು ಮುಖದ ಸ್ಪರ್ಶ, ನೋವು, ಉರಿಯನ್ನು ತಿಳಿಸುವ ಟ್ರೈಜೆಮಿನಲ್ ಎಂಬ ನರ. ಅದು ನನ್ನಲ್ಲಿ ಜೀವಂತವಾಗಿತ್ತು. ಘಮವಿಲ್ಲದ ಬಾಯಲ್ಲಿ ಬಿಸುಪು ಹುಟ್ಟಿದ ಆ ಸಂಜೆ ನಾನು ಒಬ್ಬಳೇ ಕುಳಿತು ಬಹಳ ಹೊತ್ತು ಅತ್ತೆ. ಅದು ದುಃಖದ ಅಳುವಾಗಿರಲಿಲ್ಲ.

ಕೆಳಮನೆಯ ಹಿರಿಯರೇ, ನಿಮ್ಮನ್ನು ನಾನು ಮರೆಯಲಾರೆ. ಒಲೆಯ ಪಕ್ಕದಲ್ಲಿಟ್ಟ ಕೈಬಟ್ಟೆಗೆ ಉರಿ ತಗುಲಿ ಹೊಗೆಯಾಡುತ್ತಿದ್ದಾಗ ನಾನು ಬೆನ್ನು ತಿರುಗಿಸಿ ಹಿಟ್ಟು ಲಟ್ಟಿಸುತ್ತಿದ್ದೆ. ಮಂಡಿನೋವಿನಲ್ಲೂ ಮೆಟ್ಟಿಲು ಹತ್ತಿ ಬಂದು ಬಾಗಿಲು ಬಡಿದವರು ನೀವು. ಆ ದಿನದಿಂದ ನಾನು ಓವನ್ ಹಚ್ಚಿದಾಗಲೆಲ್ಲ ನಿಮ್ಮ ಕಿಟಕಿ ತೆರೆದಿರುತ್ತಿತ್ತು, ಚಳಿ ಇದ್ದರೂ. ಕೇಳಿದರೆ ಗಾಳಿಗೆ ಎನ್ನುತ್ತಿದ್ದಿರಿ. ಯಾಕೆಂದು ನನಗೆ ಗೊತ್ತಿತ್ತು.

ಪಕ್ಕದ ಮನೆಯ ಎಂಟು ವರ್ಷದ ಹುಡುಗಿಗೂ ಕೃತಜ್ಞತೆ ಸಲ್ಲಬೇಕು. ಶನಿವಾರಗಳಂದು ಸ್ಟೂಲಿನ ಮೇಲೆ ಕುಳಿತು ಅವಳು ಓವನ್ನಿನ ಸುದ್ದಿ ಹೇಳುತ್ತಿದ್ದಳು. “ಈಗ ಬರೀ ಬೆಣ್ಣೆ. ಈಗ ಶುಂಠಿ ಎದ್ದಿತು. ಆಂಟಿ, ಈಗ ಎಲ್ಲ ಸೇರಿಕೊಂಡಿತು, ತೆಗೆಯಿರಿ!” ಎಲ್ಲ ಸೇರಿಕೊಂಡಿತು ಎಂಬುದಕ್ಕಿಂತ ಚೆನ್ನಾಗಿ ಹದವನ್ನು ಯಾರೂ ನನಗೆ ಹೇಳಿಲ್ಲ. ಇನ್ನು ಕಚೇರಿಯ ಸಂಗಾತಿಗಳು. ಸೋಮವಾರದ ಡಬ್ಬಿಯನ್ನು ಹೊಗಳಿ ಮುಗಿಸಬಹುದಿತ್ತು. ಬದಲಿಗೆ ಚೀಟಿ ಬರೆದಿಟ್ಟರು: “ಲವಂಗ ಹೆಚ್ಚು, ಅರ್ಧಕ್ಕೆ ಇಳಿಸಿ.” “ಜಾಯಿಕಾಯಿ ಗೊತ್ತೇ ಆಗುತ್ತಿಲ್ಲ.” “ಈ ವಾರದ್ದು ನನ್ನ ಮಗ ನನಗೆ ಬಿಡಲಿಲ್ಲ.” ಕರುಣೆಯಿಂದ ಸುಳ್ಳು ಹೇಳದೆ ನನ್ನನ್ನು ಅಡುಗೆಯವಳಂತೆಯೇ ನಡೆಸಿಕೊಂಡಿರಿ. ಚೀಟಿಗಳನ್ನೆಲ್ಲ ಇಟ್ಟುಕೊಂಡಿದ್ದೇನೆ.

ಚಳಿಗಾಲ ಎಲ್ಲಕ್ಕಿಂತ ಕಷ್ಟದ್ದು. ವಾಸನೆ ಮರಳತೊಡಗಿತು, ಆದರೆ ವಕ್ರವಾಗಿ. ಕಾಫಿ, ಈರುಳ್ಳಿ, ಹುರಿದದ್ದು ಏನೇ ಆದರೂ ಸುಟ್ಟ ರಬ್ಬರಿನಂತೆ ನಾರುತ್ತಿದ್ದವು. ಇದಕ್ಕೆ ಪರೋಸ್ಮಿಯಾ ಎನ್ನುತ್ತಾರೆ, ಚೇತರಿಕೆಯ ಹಾದಿಯಲ್ಲಿ ಹಲವರಿಗೆ ಬರುವಂಥದ್ದು. ಹಿಟ್ಟು ಕೆಂಪಾಗುವಾಗ ಹುಟ್ಟುವ ಆ ಹುರಿದ ಕಂಪೇ ನನಗೆ ಶತ್ರುವಾಯಿತು. ಗೆಳತಿ ಯೋಚಿಸಿ 150 ಡಿಗ್ರಿಗೆ ಇಳಿಸಿ ನೋಡು ಎಂದಳು. ಹಳೆಯ ಕಾಲದಿಂದಲೂ ಶಾರ್ಟ್‌ಬ್ರೆಡ್ಡನ್ನು ಬಿಳಿಚಿಕೊಂಡಂತೆ, ಅಂಚು ಮಾತ್ರ ತುಸು ಬಣ್ಣ ಬರುವಂತೆ ಬೇಯಿಸುವವರಿದ್ದಾರೆ. ನಿಧಾನ ಉರಿಯಲ್ಲಿ ಬೆಂದ ಆ ಬಿಳಿಯ ಬಿಸ್ಕತ್ತು ನಾರಲಿಲ್ಲ. ಎರಡು ತಿಂಗಳು ನಾನು ಹೆದರದೆ ಬಾಯಿಗಿಟ್ಟ ಕೆಲವೇ ತಿನಿಸುಗಳಲ್ಲಿ ಅದು ಒಂದು.

ಲವಂಗ ಬಂದದ್ದು ಫೆಬ್ರವರಿಯ ಒಂದು ಬೆಳಿಗ್ಗೆ. ಕುಟ್ಟಾಣಿಯಲ್ಲಿ ಪುಡಿ ಮಾಡುತ್ತಿದ್ದೆ. ಗೆರೆ ಎಳೆದಷ್ಟು ತೆಳುವಾಗಿ ಬಂತು, ಹೋಯಿತು. ಕುಟ್ಟಾಣಿಯ ಮೇಲೆ ಬಾಗಿ ಕಾದೆ. ಮತ್ತೆ ಬಂತು. ಉಳಿದ ಇಂದ್ರಿಯಗಳ ಸುದ್ದಿ ಮೆದುಳಿನ ಥಾಲಮಸ್ ಎಂಬ ನಿಲ್ದಾಣವನ್ನು ಹಾದು ಹೋಗುತ್ತದೆ. ವಾಸನೆ ಅದನ್ನು ಹಾಯದೆ ಭಾವನೆ, ನೆನಪುಗಳ ಕೇಂದ್ರಗಳನ್ನು ಮುಟ್ಟಬಲ್ಲದು. ಹಾಗಾಗಿಯೋ ಏನೋ, ಲವಂಗ ಎಂದು ಹೆಸರು ಹೊಳೆಯುವ ಮೊದಲೇ ಅಮ್ಮನ ಸೀರೆಯ ಸೆರಗು ಕಣ್ಣಿಗೆ ಬಂತು. ಆಮೇಲೆ ನಿಂಬೆ, ಬೇಸಿಗೆಯಲ್ಲಿ ಏಲಕ್ಕಿ, ಚಕ್ಕೆ. ಜಾಯಿಕಾಯಿ ಇನ್ನೂ ಪೂರ್ತಿ ಬಂದಿಲ್ಲ, ಗುಲಾಬಿ ಅಸ್ಪಷ್ಟ. ನನಗೆ ಅವಸರವಿಲ್ಲ.

ಈಗ ಮೇಜಿನ ಮೇಲೆ ಡಬ್ಬಿಗಳನ್ನು ಸಾಲಾಗಿ ಇಟ್ಟಿದ್ದೇನೆ. ಅಕ್ಕನದು ಅಂಚೆಯಲ್ಲಿ ಹೋಗುತ್ತದೆ, ಮುರಿಯದಿರಲಿ ಎಂದು ನಡುನಡುವೆ ಬಟರ್ ಪೇಪರ್ ಹಾಕಿದ್ದೇನೆ. ಕೆಳಮನೆಗೆ ಮಧ್ಯಾಹ್ನ ನಾನೇ ಒಯ್ಯುತ್ತೇನೆ. ಹುಡುಗಿಯ ಡಬ್ಬಿಯಲ್ಲಿ ಶುಂಠಿ ಹೆಚ್ಚಿದೆ, ಅವಳಿಗೆ ಅದೇ ಇಷ್ಟ. ವೈದ್ಯರಿಗೆ ಲವಂಗದ್ದು. ಕಚೇರಿಯವರೇ, ನಿಮ್ಮ ಡಬ್ಬಿಯ ಜೊತೆ ಖಾಲಿ ಚೀಟಿಗಳನ್ನೂ ಇಟ್ಟಿದ್ದೇನೆ, ಜಾಯಿಕಾಯಿಗೆ ನನಗೆ ಇನ್ನೂ ನೀವು ಬೇಕು. ಗೆಳತಿಯ ಪಾಲಿನದು ಅವಳು ತಂದಿದ್ದ ಅದೇ ತಗಡಿನ ಡಬ್ಬಿಯಲ್ಲಿದೆ. ಅವಳದಕ್ಕೆ ಮಾತ್ರ ಹೊಸದಾಗಿ ಇನ್ನೊಂದು ತಟ್ಟೆ ಹಿಟ್ಟು ಕಲಸಿ ಓವನ್ನಿಗಿಟ್ಟು ಇದನ್ನು ಬರೆಯಲು ಕುಳಿತೆ. ಈಗ ಶುಂಠಿ ಎದ್ದಿದೆ. ಎಲ್ಲ ಸೇರಿಕೊಳ್ಳುತ್ತಿದೆ. ತೆಗೆಯಲು ಹೋಗಬೇಕು.